ಪೆಟ್ಟು ಒಬ್ಬನದು, ಸದ್ದು ಇನ್ನೊಬ್ಬನದು

ಹಾಡಿನ ಮುದ್ರಣ ಮುಗಿದಿದೆ. ವಾದ್ಯದವರು ತಮ್ಮ ಸಂಭಾವನೆ ಪಡೆದು ಊರು ಸೇರಿದ್ದಾರೆ. ಸ್ಟುಡಿಯೊದ ಬಾಡಿಗೆಯೂ ಸಂದಾಯವಾಗಿದೆ. ಮರುದಿನ ಬೆಳಿಗ್ಗೆ ಎಂಜಿನಿಯರ್ ಟೇಪು ಹಾಕಿ ಕೇಳುತ್ತಾನೆ. ಗಾಯನ ಚೆನ್ನಾಗಿದೆ, ಗಿಟಾರು ಚೆನ್ನಾಗಿದೆ, ಡ್ರಮ್ ನುಡಿಸಿದವನ ಲಯವಂತೂ ಕಲ್ಲಿನಲ್ಲಿ ಕೊರೆದಂತಿದೆ. ಆದರೆ ಅವನ ಸ್ನೇರ್ ಡ್ರಮ್ಮಿನ ಸದ್ದು ಮಾತ್ರ ಖಾಲಿ ರಟ್ಟಿನ ಡಬ್ಬ ಬಡಿದಂತೆ ಕೇಳಿಸುತ್ತಿದೆ. ಡ್ರಮ್ಮಿನ ಹೊದಿಕೆ ಸಡಿಲವಾಗಿತ್ತೋ, ಮೈಕು ಇಟ್ಟ ಜಾಗ ಸರಿಯಿರಲಿಲ್ಲವೋ, ಕೋಣೆಯೇ ಕೆಟ್ಟದ್ದೋ, ಈಗ ಹುಡುಕಿ ಫಲವಿಲ್ಲ. ಎಲ್ಲರನ್ನೂ ಮತ್ತೆ ಕರೆಸಲು ಹಣವಿಲ್ಲ. ಕರೆಸಿದರೂ ನಿನ್ನೆ ಕೂಡಿ ಬಂದ ಲಯ ಇಂದು ಕೂಡಿ ಬರುತ್ತದೆಂಬ ಭರವಸೆ ಇಲ್ಲ.

ಪಾಶ್ಚಾತ್ಯ ಸಂಗೀತದ ಸ್ಟುಡಿಯೊಗಳಲ್ಲಿ ಇದು ಬಹಳ ಹಳೆಯ ಸಂಕಟ. ಇದಕ್ಕೆ 1980ರ ಆಸುಪಾಸಿನಲ್ಲಿ ಒಂದು ಉಪಾಯ ಹುಟ್ಟಿತು. ವಾದಕನ ಪೆಟ್ಟನ್ನು ಇಟ್ಟುಕೊಂಡು, ಅದರ ಸದ್ದನ್ನು ಮಾತ್ರ ಬದಲಾಯಿಸಿಬಿಡುವುದು! ಬೇರೆ ದಿನ, ಬೇರೆ ಕೋಣೆಯಲ್ಲಿ, ಶ್ರುತಿ ಮಾಡಿದ ಒಳ್ಳೆಯ ಡ್ರಮ್ಮನ್ನು ಒಮ್ಮೆ ಬಾರಿಸಿ ಆ ಸದ್ದನ್ನು ಯಂತ್ರದ ನೆನಪಿನಲ್ಲಿ ಹಿಡಿದಿಡುವುದು. ಇದಕ್ಕೆ ಸ್ಯಾಂಪಲ್ ಎಂದು ಹೆಸರು. ಆಮೇಲೆ ಹಾಡಿನ ಟೇಪನ್ನು ಓಡಿಸಿದಾಗ ಹಳೆಯ ಪೆಟ್ಟು ಬಂದಾಗಲೆಲ್ಲ ಆ ಯಂತ್ರ ಹೊಸ ಸದ್ದನ್ನು ಹೊರಡಿಸಬೇಕು. ಬಂದೂಕಿನ ಕುದುರೆ ಎಳೆದರೆ ಗುಂಡು ಹಾರಿದ ಹಾಗೆ ಹಳೆಯ ಪೆಟ್ಟೇ ಹೊಸ ಸದ್ದನ್ನು ಹಾರಿಸುತ್ತದೆ. ಅದಕ್ಕೇ ಇದನ್ನು ‘ಟ್ರಿಗರ್’ ಮಾಡುವುದು ಎನ್ನುತ್ತಾರೆ.

ಕೇಳಲು ಸುಲಭ. ಆದರೆ ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆ ಬಂದಾಗ ಅನೇಕರು ಎಡವುವುದು ಒಂದೇ ಜಾಗದಲ್ಲಿ. ಅಂಗಡಿಗೆ ಹೋದವರು ‘ಇದರಲ್ಲಿ ಎಷ್ಟು ಸದ್ದುಗಳಿವೆ?’ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದಲ್ಲ. ‘ಇದರ ಕಿವಿ ಹೇಗಿದೆ?’ ಎಂದು ಕೇಳಬೇಕು.

ಅಣುಸ್ಥಾವರದಿಂದ ಬಂದ ಎಂಜಿನಿಯರ್

ಈ ಕಥೆಯ ಮೊದಲ ಪುಟಗಳಲ್ಲಿ ಕಾಣುವ ಹೆಸರು ಅಮೆರಿಕದ ರೋಜರ್ ನಿಕೋಲ್ಸ್ ಅವರದು. ಅವರು ಓದಿದ್ದು ಪರಮಾಣು ವಿಜ್ಞಾನ. ಕ್ಯಾಲಿಫೋರ್ನಿಯಾದ ಸ್ಯಾನ್ ಒನೋಫ್ರೆ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದವರು. ಸಂಗೀತ ಮುದ್ರಣದ ಹುಚ್ಚು ಮೊದಲಿನಿಂದಲೂ ಇತ್ತು. ಕೊನೆಗೆ ಆ ಹುಚ್ಚೇ ಅನ್ನ ಹಾಕಿತು. ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಎಂಬಿಬ್ಬರ ‘ಸ್ಟೀಲಿ ಡ್ಯಾನ್’ ತಂಡಕ್ಕೆ ಅವರು ಧ್ವನಿಮುದ್ರಣದ ಎಂಜಿನಿಯರ್ ಆದರು.

ಆ ಇಬ್ಬರಿಗೂ ಲಯ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಮಾಧಾನವಿಲ್ಲ. 1973ರಲ್ಲಿ ಒಂದು ಹಾಡಿಗಾಗಿ ನಿಕೋಲ್ಸ್ ಟೇಪಿನ ಎರಡು ತುದಿಗಳನ್ನು ಅಂಟಿಸಿ ಉದ್ದನೆಯ ಕುಣಿಕೆ ಮಾಡಿದ್ದರು. ಕುಣಿಕೆ ಎಷ್ಟು ಉದ್ದವಾಯಿತೆಂದರೆ ಅದು ಯಂತ್ರದಿಂದ ಹೊರಟು ಬಾಗಿಲು ದಾಟಿ, ಆಚೆ ಒಂದು ಮುಕ್ಕಾಲಿಯನ್ನು ಸುತ್ತಿ ಮರಳಬೇಕಾಗಿತ್ತು. ಇಂಥ ಸರ್ಕಸ್ಸಿನಿಂದ ಎಷ್ಟು ದಿನ ಕೆಲಸ ನಡೆದೀತು? 1980ರಲ್ಲಿ ಹೊರಬಂದ ‘ಗೌಚೊ’ ಎಂಬ ಧ್ವನಿಮುದ್ರಿಕೆಯ ಸಿದ್ಧತೆಯ ಹೊತ್ತಿಗೆ ನಿಕೋಲ್ಸ್ ಒಂದು ಕಂಪ್ಯೂಟರನ್ನೇ ಕಟ್ಟಿದರು. ನಿಜವಾದ ಡ್ರಮ್ಮಿನ ಸದ್ದನ್ನು ಅಂಕಿಗಳಾಗಿ ಹಿಡಿದಿಟ್ಟುಕೊಂಡು, ಬೇಕಾದ ಗಳಿಗೆಗೆ ಸರಿಯಾಗಿ ಹೊರಡಿಸುವ ಕಂಪ್ಯೂಟರು ಅದು. ಅದಕ್ಕೆ ‘ವೆಂಡೆಲ್’ ಎಂದು ಹೆಸರಿಟ್ಟರು. ತಗುಲಿದ ವೆಚ್ಚ ಒಂದೂವರೆ ಲಕ್ಷ ಡಾಲರ್ ಎಂಬ ಮಾತು ಸಂಗೀತಲೋಕದಲ್ಲಿ ಪ್ರಚಲಿತ. ಆ ಮುದ್ರಿಕೆಯ ‘ಹೇ ನೈಂಟೀನ್’ ಹಾಡಿನಲ್ಲಿ ಕೇಳುವ ಡ್ರಮ್ಮಿಗೆ ವೆಂಡೆಲ್‌ನ ನೆರವಿದೆ. ‘ಗೌಚೊ’ದ ಎಂಜಿನಿಯರುಗಳಿಗೆ 1982ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಮುಂದೆ ನಿಕೋಲ್ಸ್ ‘ವೆಂಡೆಲ್ ಜೂನಿಯರ್’ ಎಂಬ ಚಿಕ್ಕ ಪೆಟ್ಟಿಗೆಯನ್ನೂ ಮಾರಾಟಕ್ಕೆ ತಂದರು. ಟೇಪಿನ ಹಳೆಯ ಪೆಟ್ಟನ್ನು ಕೇಳಿ ಹೊಸ ಸದ್ದು ಕೊಡುವುದೇ ಅದರ ಕಸುಬು. ನಿಕೋಲ್ಸ್ 2011ರಲ್ಲಿ ತೀರಿಕೊಂಡರು.

ಅತ್ತ ಇಂಗ್ಲೆಂಡಿನಲ್ಲಿ ಇದೇ ಕೆಲಸ ಬೇರೆ ದಾರಿಯಿಂದ ಬಂತು. ಲ್ಯಾಂಕಷೈರಿನ ಬರ್ನ್‌ಲಿ ಎಂಬ ಊರಿನ ಎ.ಎಂ.ಎಸ್. ಕಂಪೆನಿ 1970ರ ದಶಕದ ಕೊನೆಗೆ ಡಿ.ಎಂ.ಎಕ್ಸ್. 15-80 ಎಂಬ ಡಿಜಿಟಲ್ ಯಂತ್ರ ತಯಾರಿಸಿತು. ಅದು ಹುಟ್ಟಿದ್ದು ಧ್ವನಿಯನ್ನು ಕೊಂಚ ತಡೆದು ಬಿಡುವುದಕ್ಕೆ, ಅಂದರೆ ಕೃತಕ ಪ್ರತಿಧ್ವನಿಗೆ. ಧ್ವನಿಯನ್ನು ತಡೆಯಬೇಕಾದರೆ ಅದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳಲೇಬೇಕು. ನೆನಪಿಟ್ಟುಕೊಂಡದ್ದನ್ನು ಬೀಗ ಹಾಕಿ ಇಟ್ಟು, ಬೇಕೆಂದಾಗ ಬಿಟ್ಟರೆ? ಆ ಯಂತ್ರಕ್ಕೆ ಅಂಥ ಸೌಲಭ್ಯ ಬಂದಾಗ ಸ್ಟುಡಿಯೊದವರು ಅದರಲ್ಲಿ ಒಂದು ಸ್ನೇರ್ ಪೆಟ್ಟನ್ನು ಬೀಗ ಹಾಕಿಟ್ಟು, ಟೇಪಿನ ಕೆಟ್ಟ ಸ್ನೇರಿನಿಂದ ಅದನ್ನು ಹಾರಿಸತೊಡಗಿದರು. ಒಂದು ಕೆಲಸಕ್ಕೆಂದು ಹುಟ್ಟಿದ ಯಂತ್ರ ಇನ್ನೊಂದಕ್ಕೆ ಒದಗಿದ ಉದಾಹರಣೆಗಳಲ್ಲಿ ಇದೂ ಒಂದು.

ಅಡುಗೆಮನೆಯ ಲೈಟರಿನ ತತ್ತ್ವ

ಯಂತ್ರದ ಕಿವಿ ಎಂದರೇನು? ಟೇಪಿನಿಂದ ಬರುವ ಪೆಟ್ಟಾದರೆ ಅದು ಆಗಲೇ ವಿದ್ಯುತ್ ಸಂಕೇತವಾಗಿರುತ್ತದೆ. ವೇದಿಕೆಯ ಮೇಲೆ ನೇರವಾಗಿ ನುಡಿಸುವಾಗ ಮಾತ್ರ ಡ್ರಮ್ಮಿಗೇ ಒಂದು ಸಂವೇದಕವನ್ನು ಅಂಟಿಸಬೇಕು. ಅದರೊಳಗಿರುವುದು ನಾಣ್ಯದಂಥ ತೆಳ್ಳಗಿನ ಒಂದು ಬಿಲ್ಲೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಕ್ಯೂರಿ ಸೋದರರಾದ ಝಾಕ್ ಮತ್ತು ಪಿಯರ್ 1880ರಲ್ಲಿ ತೋರಿಸಿಕೊಟ್ಟರು. ಅಡುಗೆಮನೆಯ ಗ್ಯಾಸ್ ಲೈಟರನ್ನು ‘ಟಕ್’ ಎಂದು ಒತ್ತಿದಾಗ ಕಿಡಿ ಹಾರುವುದು ಇದೇ ತತ್ತ್ವದಿಂದ. ಡ್ರಮ್ಮಿನ ಮೇಲಿನ ಬಿಲ್ಲೆಯೂ ಅಷ್ಟೇ. ಪೆಟ್ಟು ಬಿದ್ದೊಡನೆ ನಡುಗುತ್ತದೆ, ನಡುಗಿದಷ್ಟು ವಿದ್ಯುತ್ತನ್ನು ಕಳಿಸುತ್ತದೆ.

ಆ ವಿದ್ಯುತ್ತನ್ನು ನೋಡಿ ಯಂತ್ರ ಎರಡೇ ತೀರ್ಮಾನ ಮಾಡಬೇಕು. ಒಂದು, ಪೆಟ್ಟು ಯಾವಾಗ ಬಿತ್ತು? ಎರಡು, ಎಷ್ಟು ಜೋರಾಗಿ ಬಿತ್ತು? ಇವೆರಡನ್ನು ಸರಿಯಾಗಿ ಹೇಳಬಲ್ಲ ಯಂತ್ರ ಒಳ್ಳೆಯ ಯಂತ್ರ. ಉಳಿದದ್ದೆಲ್ಲ ಆಮೇಲಿನ ಮಾತು.

ಕಷ್ಟವಿರುವುದೂ ಇಲ್ಲಿಯೇ. ಈ ಎರಡು ತೀರ್ಮಾನಗಳಿಗೂ ಒಳಗೊಳಗೇ ಜಗಳ. ಪೆಟ್ಟು ಬಿದ್ದಾಗ ವಿದ್ಯುತ್ತಿನ ಅಲೆ ಒಂದೇ ಏಟಿಗೆ ತುದಿ ಮುಟ್ಟುವುದಿಲ್ಲ. ಏರುತ್ತ ಏರುತ್ತ ಶಿಖರ ತಲುಪಲು ಒಂದೆರಡು ಮಿಲಿಸೆಕೆಂಡು ಬೇಕು. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಭಾಗ. ಪೆಟ್ಟಿನ ಜೋರು ತಿಳಿಯಬೇಕಾದರೆ ಯಂತ್ರ ಆ ಶಿಖರದವರೆಗೆ ಕಾಯಬೇಕು. ಕಾದರೆ ಸದ್ದು ತಡವಾಗುತ್ತದೆ. ಕಾಯದೆ ಅವಸರದಿಂದ ತೀರ್ಪು ಕೊಟ್ಟರೆ ಜೋರು ಪೆಟ್ಟನ್ನು ಮೆಲ್ಲನೆಯದೆಂದು ತಿಳಿದುಬಿಡುತ್ತದೆ. ಪೂರ್ತಿ ಕೇಳಿಸಿಕೊಳ್ಳದೆ ಉತ್ತರಿಸುವ ವಿದ್ಯಾರ್ಥಿಯ ಪಾಡು ಅದರದು. ಅದಕ್ಕಾಗಿ ಒಳ್ಳೆಯ ಯಂತ್ರಗಳಲ್ಲಿ ಈ ಕಾಯುವ ಸಮಯವನ್ನು ಹೆಚ್ಚುಕಡಿಮೆ ಮಾಡಿಕೊಳ್ಳುವ ಅನುಕೂಲವಿರುತ್ತದೆ. ಕೊಳ್ಳುವವರು ಮೊದಲು ಹುಡುಕಬೇಕಾದ್ದು ಇದನ್ನು.

ಮಿತಿ, ಕುರುಡು ಹೊತ್ತು, ನೆರೆಯವನ ಗಲಾಟೆ

ಎರಡನೆಯದಾಗಿ ನೋಡಬೇಕಾದ್ದು ‘ಮಿತಿ’ಯನ್ನು. ಇಂತಿಷ್ಟಕ್ಕಿಂತ ಮೆಲ್ಲನೆಯ ಸದ್ದನ್ನು ಗಮನಿಸಬೇಡ ಎಂದು ಯಂತ್ರಕ್ಕೆ ಹೇಳಿಕೊಡುವ ಗೆರೆ ಅದು. ಗೆರೆಯನ್ನು ತೀರಾ ಮೇಲೆ ಎಳೆದರೆ ವಾದಕನ ಮೆದು ಪೆಟ್ಟುಗಳೆಲ್ಲ ಮಾಯವಾಗುತ್ತವೆ. ತೀರಾ ಕೆಳಗೆ ಎಳೆದರೆ ಪಕ್ಕದ ಡ್ರಮ್ಮಿನ ನಡುಕಕ್ಕೂ ಯಂತ್ರ ಬೆಚ್ಚಿ ಬೀಳುತ್ತದೆ. ವಾದಕ ಟಾಮ್ ಡ್ರಮ್ಮನ್ನು ಬಡಿದರೆ ಸ್ನೇರಿನ ಸದ್ದು ಹೊರಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ! ಎಲ್ಲ ಡ್ರಮ್ಮುಗಳ ಸಂಕೇತವನ್ನೂ ಒಟ್ಟಿಗೆ ಗಮನಿಸಿ, ಅತಿ ಜೋರಾದದ್ದು ಯಾವುದೆಂದು ತಿಳಿದು ಉಳಿದವನ್ನು ತಡೆಹಿಡಿಯುವ ಯಂತ್ರವಿದ್ದರೆ ಈ ಗೊಂದಲ ತಪ್ಪುತ್ತದೆ.

ಮೂರನೆಯದು, ಒಂದು ಪೆಟ್ಟಾದ ಮೇಲೆ ಯಂತ್ರ ಕಣ್ಣು ಮುಚ್ಚಿಕೊಳ್ಳುವ ಹೊತ್ತು. ಡ್ರಮ್ಮಿನ ಹೊದಿಕೆ ಒಮ್ಮೆ ಬಡಿದರೆ ಒಮ್ಮೆ ನಡುಗಿ ಸುಮ್ಮನಾಗುವುದಿಲ್ಲ. ಆ ನಡುಕವನ್ನೇ ಎರಡನೆಯ ಪೆಟ್ಟೆಂದು ಎಣಿಸದಿರಲಿ ಎಂದು ಯಂತ್ರಕ್ಕೆ ಒಂದಿಷ್ಟು ಹೊತ್ತು ಕುರುಡಾಗಿರಲು ಹೇಳಬೇಕು. ಎಷ್ಟು ಹೊತ್ತು? ಇದನ್ನು ಶಾಲೆಯ ಲೆಕ್ಕದಿಂದಲೇ ಕಂಡುಹಿಡಿಯಬಹುದು. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಒಂದು ಎಣಿಕೆಗೆ 500 ಮಿಲಿಸೆಕೆಂಡು. ಒಂದು ಎಣಿಕೆಯಲ್ಲಿ ಎಂಟು ಪೆಟ್ಟು ಉರುಳಿಸಿದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಇರುವುದು 62.5 ಮಿಲಿಸೆಕೆಂಡು. ಯಂತ್ರದ ಕುರುಡು ಹೊತ್ತು 80 ಮಿಲಿಸೆಕೆಂಡಾಗಿದ್ದರೆ ಒಂದು ಬಿಟ್ಟು ಒಂದು ಪೆಟ್ಟು ನುಂಗಿಹೋಗುತ್ತದೆ. ಆಗ ತಪ್ಪು ವಾದಕನದೆಂದು ಬಯ್ಯುವವರೂ ಇದ್ದಾರೆ.

ಐದು ಮಿಲಿಸೆಕೆಂಡಿನ ಬೆಲೆ

ಸದ್ದು ಸ್ವಲ್ಪ ತಡವಾದರೆ ಏನಾಯಿತು ಎಂದು ಕೇಳಬಹುದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಡ್ರಮ್ಮಿನಿಂದ ಮೂರೂವರೆ ಮೀಟರ್ ದೂರ ಕುಳಿತವನಿಗೆ ಸದ್ದು ಹತ್ತು ಮಿಲಿಸೆಕೆಂಡು ತಡವಾಗಿಯೇ ಮುಟ್ಟುತ್ತದೆ. ಅವನೇನೂ ದೂರುವುದಿಲ್ಲ. ಹಾಗಿದ್ದ ಮೇಲೆ ಯಂತ್ರದ ಐದು ಮಿಲಿಸೆಕೆಂಡಿಗೆ ಇಷ್ಟು ತಲೆ ಏಕೆ ಕೆಡಿಸಿಕೊಳ್ಳಬೇಕು?

ಕಾರಣವಿದೆ. ಸ್ನೇರಿನ ಕೆಟ್ಟ ಮುದ್ರಣವನ್ನು ತೆಗೆದುಹಾಕಿದರೂ ಹಳೆಯ ಸದ್ದು ಪೂರ್ತಿ ಅಳಿಯುವುದಿಲ್ಲ. ತಾಳದ ತಟ್ಟೆಗಳಿಗೆಂದು ಮೇಲೆ ತೂಗುಹಾಕಿದ ಮೈಕುಗಳು ಸ್ನೇರಿನ ಪೆಟ್ಟನ್ನೂ ಹಿಡಿದಿರುತ್ತವೆ. ಆ ಹಳೆಯ ಸದ್ದಿನ ಜೊತೆಗೇ ಹೊಸ ಸದ್ದು ಬೆರೆಯಬೇಕು. ಒಂದು ಅಲೆಯ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದರೆ ಎರಡೂ ಸೇರಿ ಸೊನ್ನೆಯಾಗುತ್ತವೆ ಎಂಬುದು ಪಿ.ಯು.ಸಿ. ಭೌತಶಾಸ್ತ್ರದ ಪಾಠ. ಐದು ಮಿಲಿಸೆಕೆಂಡಿನ ಅಂತರವೆಂದರೆ 100 ಹರ್ಟ್ಸ್ ಅಲೆಯ ಸರಿಯಾಗಿ ಅರ್ಧ. ಹಾಗಾಗಿ 100 ಹರ್ಟ್ಸಿನ ಸುತ್ತಲ ಗುಂಭ ನಾದವೇ ಕರಗುತ್ತದೆ. ಅಂತರ ಒಂದು ಮಿಲಿಸೆಕೆಂಡಾದರೆ 500 ಹರ್ಟ್ಸಿನ ನಾದಕ್ಕೆ ಅದೇ ಗತಿ. ಹೆಚ್ಚು ದಪ್ಪವಾಗಲೆಂದು ಎರಡು ಸದ್ದು ಬೆರೆಸಿದವನಿಗೆ ಮೊದಲಿಗಿಂತ ತೆಳ್ಳಗಿನ ಸದ್ದು ಸಿಗುವುದು ಹೀಗೆ. ಇನ್ನು ಅಂತರ 20-30 ಮಿಲಿಸೆಕೆಂಡಿಗೆ ಏರಿತೋ, ಕಿವಿಗೆ ಒಂದರ ಬದಲು ಎರಡು ಪೆಟ್ಟು ಬಿದ್ದಂತೆ ಕೇಳಿಸತೊಡಗುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಡವು ಪ್ರತಿ ಸಲವೂ ಒಂದೇ ಆಗಿದ್ದರೆ ಅದನ್ನು ಸರಿಪಡಿಸಬಹುದು. ಒಮ್ಮೆ ಎರಡು, ಒಮ್ಮೆ ಆರು, ಒಮ್ಮೆ ನಾಲ್ಕು ಮಿಲಿಸೆಕೆಂಡಾದರೆ ಬ್ರಹ್ಮನೂ ಸರಿಪಡಿಸಲಾರ. ದಿನಾ ಹತ್ತು ನಿಮಿಷ ತಡವಾಗಿ ಬರುವ ಬಸ್ಸನ್ನು ನಂಬಿಕೊಂಡು ಬದುಕಬಹುದು. ಎಂದೋ ಬೇಗ, ಎಂದೋ ತಡ ಬರುವ ಬಸ್ಸನ್ನು ನಂಬಿಕೊಳ್ಳಲಾಗದು. ಯಂತ್ರದ ವೇಗಕ್ಕಿಂತ ಅದರ ನಿಯತ್ತು ದೊಡ್ಡದು.

ಟೇಪಿನ ಕಾಲದ ಎಂಜಿನಿಯರುಗಳು ಈ ತಡವನ್ನು ಜಾಣತನದಿಂದ ಗೆಲ್ಲುತ್ತಿದ್ದರು. ಟೇಪು ಯಂತ್ರದಲ್ಲಿ ಬರೆಯುವ ತಲೆ ಮೊದಲು, ಓದುವ ತಲೆ ಆಮೇಲೆ ಇರುತ್ತದೆ. ಬರೆಯುವ ತಲೆಯಿಂದಲೂ ಧ್ವನಿಯನ್ನು ಓದಬಹುದು. ಟೇಪು ಸೆಕೆಂಡಿಗೆ 30 ಅಂಗುಲ, ಅಂದರೆ 76 ಸೆಂಟಿಮೀಟರ್ ಓಡುತ್ತಿದ್ದು, ಎರಡು ತಲೆಗಳ ನಡುವೆ ಐದು ಸೆಂಟಿಮೀಟರ್ ಇದೆ ಎನ್ನಿ. ಸ್ನೇರನ್ನು ಮೊದಲ ತಲೆಯಿಂದ, ಉಳಿದದ್ದನ್ನು ಎರಡನೆಯದರಿಂದ ಓದಿದರೆ ಸ್ನೇರಿನ ಸುದ್ದಿ ಸುಮಾರು 66 ಮಿಲಿಸೆಕೆಂಡು ಮುಂಚೆಯೇ ಯಂತ್ರಕ್ಕೆ ಮುಟ್ಟುತ್ತದೆ. ಆಮೇಲೆ ಬೇಕಾದಷ್ಟು ತಡೆದು ಬಿಟ್ಟರಾಯಿತು, ಹೊಸ ಸದ್ದು ಹಳೆಯದರ ಮೇಲೆ ಕರಾರುವಾಕ್ಕಾಗಿ ಕೂರುತ್ತದೆ.

1983ರಲ್ಲಿ ಬಂದ ‘ಮಿಡಿ’ ಎಂಬ ಸಂಪರ್ಕ ಪದ್ಧತಿ ಬೇರೆ ಬೇರೆ ಕಂಪೆನಿಗಳ ವಾದ್ಯಗಳನ್ನು ಒಂದೇ ತಂತಿಯಿಂದ ಮಾತನಾಡಿಸಿತು. ಆದರೆ ಅದಕ್ಕೂ ಒಂದು ಸುಂಕವಿದೆ. ಮಿಡಿ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಒಂದು ಪೆಟ್ಟಿನ ಸುದ್ದಿಗೆ ಸಾಮಾನ್ಯವಾಗಿ 30 ಬಿಟ್, ಅಂದರೆ ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು. ನಾಲ್ಕು ಡ್ರಮ್ಮು ಒಟ್ಟಿಗೇ ಬಡಿದರೆ ನಾಲ್ಕು ಸುದ್ದಿಗಳು ಕಿರುದಾರಿಯ ಗಾಡಿಗಳಂತೆ ಒಂದರ ಹಿಂದೆ ಒಂದು ಸಾಗಬೇಕು. ಹಾಗಾಗಿ ಪೆಟ್ಟು ಕೇಳುವ ಕೆಲಸವನ್ನೂ ಸದ್ದು ಹೊರಡಿಸುವ ಕೆಲಸವನ್ನೂ ಒಂದೇ ಪೆಟ್ಟಿಗೆಯೊಳಗೆ ಮಾಡುವ ಯಂತ್ರಕ್ಕೆ ಇಲ್ಲೊಂದು ಅನುಕೂಲವಿದೆ.

ಯಾವ ಪೆಟ್ಟಿಗೆ?

ಇಷ್ಟು ತಿಳಿದ ಮೇಲೆ ಆಯ್ಕೆ ಅಷ್ಟು ಕಷ್ಟವಲ್ಲ. ಯಂತ್ರಗಳನ್ನು ಮೂರು ಕುಲಗಳಾಗಿ ವಿಂಗಡಿಸಬಹುದು.

ಮೊದಲನೆಯ ಕುಲಕ್ಕೆ ಸೇರಿದ್ದು ಅಕಾಯ್ ಕಂಪೆನಿಯ ಎಸ್-900 (1986), ಎಸ್-1000 (1988) ಮುಂತಾದ ಸ್ಯಾಂಪ್ಲರುಗಳು. ಬೇಕಾದ ಸದ್ದನ್ನು ತಾವೇ ಮುದ್ರಿಸಿಕೊಂಡು ತುಂಬಬಹುದು, ಕತ್ತರಿಸಬಹುದು, ತಿದ್ದಬಹುದು. ಎಸ್-1000 ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಿತ್ತು. ಒಂದು ಸೆಕೆಂಡಿಗೆ 88,200 ಬೈಟ್. ಅದರ ಮೂಲ ನೆನಪು ಎರಡು ಮೆಗಾಬೈಟ್ ಆಗಿದ್ದರಿಂದ ಒಟ್ಟು ಹಿಡಿಸುತ್ತಿದ್ದದ್ದು ಸುಮಾರು 24 ಸೆಕೆಂಡಿನ ಧ್ವನಿ ಮಾತ್ರ. ಅರ್ಧ ಸೆಕೆಂಡಿನ ಸ್ನೇರಿಗೆ ಅದು ಧಾರಾಳ. ಹಾಡಿಗೆ ತಕ್ಕ ಸದ್ದನ್ನೇ ಹುಡುಕುವ ಸ್ಟುಡಿಯೊಗೆ ಈ ಕುಲ ಒಪ್ಪುತ್ತದೆ. ಆದರೆ ಸಾಮಾನ್ಯವಾಗಿ ಇದಕ್ಕೆ ಬೇರೊಂದು ಕಿವಿಯನ್ನು, ಎಂದರೆ ಪೆಟ್ಟನ್ನು ಮಿಡಿ ಸುದ್ದಿಯಾಗಿ ಬದಲಿಸುವ ಪೆಟ್ಟಿಗೆಯನ್ನು ಜೋಡಿಸಬೇಕಾಗುತ್ತಿತ್ತು.

ಎರಡನೆಯದು ಸದ್ದುಗಳನ್ನು ಮೊದಲೇ ತುಂಬಿ ಕೊಡುವ ಕುಲ. ಅಮೆರಿಕದ ಅಲೆಸಿಸ್ ಕಂಪೆನಿಯ ಡಿ-4 (1991) ಮತ್ತು ಅದರ ನಂತರದ ಡಿ.ಎಂ.-5 ಇದಕ್ಕೆ ಉದಾಹರಣೆ. ಡಿ-4ರ ಬೆನ್ನಿನಲ್ಲಿ 12 ಟ್ರಿಗರ್ ತೂತುಗಳು, ಹೊಟ್ಟೆಯಲ್ಲಿ ಸುಮಾರು 500 ಸದ್ದುಗಳು. ಕಿವಿಯೂ ಬಾಯಿಯೂ ಒಂದೇ ಪೆಟ್ಟಿಗೆಯಲ್ಲಿ. ವೆಂಡೆಲ್‌ಗೆ ತಗುಲಿದ ಲಕ್ಷಗಟ್ಟಲೆ ಡಾಲರಿನ ಕೆಲಸ ಹತ್ತು ವರ್ಷದಲ್ಲಿ ಕೆಲವು ನೂರು ಡಾಲರಿಗೆ ಇಳಿದದ್ದು ಇಂಥ ಯಂತ್ರಗಳಿಂದ. ಕೊರತೆಯೆಂದರೆ ಹೊಸ ಸದ್ದನ್ನು ತುಂಬುವಂತಿಲ್ಲ. ಮನೆಯ ಅಡುಗೆಗೂ ಹೋಟೆಲಿನ ಊಟಕ್ಕೂ ಇರುವ ವ್ಯತ್ಯಾಸ.

ಮೂರನೆಯದು ಇವೆರಡನ್ನೂ ಬೆಸೆದ ಕುಲ. ರೋಲೆಂಡ್ ಕಂಪೆನಿ 2014ರಲ್ಲಿ ತಂದ ಅಂಗೈಯಗಲದ ಟಿ.ಎಂ.-2 ಈ ಬಗೆಯದು. ಬಿಲ್ಲೆಯಿಂದ ಬಂದ ಪೆಟ್ಟನ್ನು ನೇರ ಕೇಳಿಸಿಕೊಂಡು, ಮೆಮರಿ ಕಾರ್ಡಿನಲ್ಲಿ ತುಂಬಿಕೊಟ್ಟ ಯಾವ ಸದ್ದನ್ನಾದರೂ ನುಡಿಸುತ್ತದೆ. ವೇದಿಕೆಯ ಮೇಲೆ ಒಂದೆರಡು ಡ್ರಮ್ಮುಗಳಿಗೆ ಸಾಕು.

ಇನ್ನು ಮುದ್ರಣವಾದ ಹಾಡನ್ನು ತಿದ್ದುವ ಕೆಲಸವನ್ನು ಈಗ ಹೆಚ್ಚಾಗಿ ಕಂಪ್ಯೂಟರಿನೊಳಗಿನ ತಂತ್ರಾಂಶಗಳೇ ಮಾಡುತ್ತವೆ. ಅವಕ್ಕೆ ಒಂದು ದೊಡ್ಡ ವರವಿದೆ. ಹಾಡು ಆಗಲೇ ಪೂರ್ತಿ ದಾಖಲಾಗಿರುವುದರಿಂದ ಮುಂದೆ ಬರುವ ಪೆಟ್ಟನ್ನು ಮೊದಲೇ ಇಣುಕಿ ನೋಡಬಲ್ಲವು. ಟೇಪಿನ ಎರಡು ತಲೆಗಳ ಉಪಾಯವೇ ಇಲ್ಲಿ ಬೇರೆ ವೇಷದಲ್ಲಿದೆ. ವೇದಿಕೆಯಲ್ಲಿ ಮಾತ್ರ ಈ ವರ ಇಲ್ಲ. ನಾಳಿನ ಪೆಟ್ಟನ್ನು ಇಂದು ನೋಡಲು ಸಾಧ್ಯವೇ? ಅದಕ್ಕೇ ನೇರ ಕಛೇರಿಗಳಿಗೆ ಒಳ್ಳೆಯ ಕಿವಿಯ ಪೆಟ್ಟಿಗೆಗಳು ಇಂದಿಗೂ ಬೇಕು.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಸರಳ. ಮೆದು ಪೆಟ್ಟು, ಜೋರು ಪೆಟ್ಟು, ಉರುಳು ಪೆಟ್ಟುಗಳೆಲ್ಲ ಇರುವ ಒಂದು ನಿಮಿಷದ ಮುದ್ರಣವನ್ನು ಅಂಗಡಿಗೇ ಒಯ್ಯಬೇಕು. ಅದನ್ನು ಯಂತ್ರಕ್ಕೆ ಕೊಟ್ಟು, ಹಳೆಯ ಸದ್ದನ್ನು ಒಂದು ಬದಿಗೆ, ಹೊಸದನ್ನು ಇನ್ನೊಂದು ಬದಿಗೆ ಮುದ್ರಿಸಿಕೊಳ್ಳಬೇಕು. ಮನೆಗೆ ಬಂದು ಕಂಪ್ಯೂಟರಿನ ಪರದೆಯಲ್ಲಿ ಎರಡೂ ಅಲೆಗಳನ್ನು ಒಂದರ ಕೆಳಗೊಂದು ಇಟ್ಟು ಅಂತರ ಅಳೆಯಬೇಕು. ಹತ್ತು ಪೆಟ್ಟು ಅಳೆದರೆ ಯಂತ್ರದ ಜಾತಕ ಗೊತ್ತಾಗುತ್ತದೆ. ತಂದೆತಾಯಿಗಳ ದುಡ್ಡಿನಲ್ಲಿ ಕೊಳ್ಳುವ ಹುಡುಗರಂತೂ ಈ ಶ್ರಮವನ್ನು ತಪ್ಪಿಸಿಕೊಳ್ಳಬಾರದು.

ಗೆರೆಯ ಕೆಳಗಿನ ಪೆಟ್ಟುಗಳು

ಆದರೆ ಎಲ್ಲ ಪರೀಕ್ಷೆಗಳಲ್ಲೂ ಗೆದ್ದ ಯಂತ್ರ ಕೂಡ ಸೋಲುವ ಒಂದು ಜಾಗವಿದೆ. ಅದನ್ನು ತಿಳಿಯಲು ಮತ್ತೆ ‘ಗೌಚೊ’ ಮುದ್ರಿಕೆಗೇ ಮರಳಬೇಕು. ವೆಂಡೆಲ್ ನುಡಿದ ಅದೇ ಮುದ್ರಿಕೆಯ ಮೊದಲ ಹಾಡು ‘ಬ್ಯಾಬಿಲಾನ್ ಸಿಸ್ಟರ್ಸ್’. ಅದರಲ್ಲಿ ಡ್ರಮ್ ನುಡಿಸಿದವರು ಬರ್ನಾರ್ಡ್ ಪರ್ಡಿ. ಅವರ ಹೆಸರಿನಿಂದಲೇ ಕರೆಯಲಾಗುವ ಒಂದು ನಡೆ ಇದೆ. ಅದರ ಸೊಗಸು ಇರುವುದು ಜೋರು ಪೆಟ್ಟುಗಳಲ್ಲಲ್ಲ. ಎರಡು ಜೋರು ಪೆಟ್ಟುಗಳ ನಡುವೆ ಸ್ನೇರಿನ ಮೇಲೆ ಕಡ್ಡಿ ಸವರಿದಂತೆ, ಕೇಳಿಯೂ ಕೇಳದಂತೆ ಬೀಳುವ ಪಿಸುಪೆಟ್ಟುಗಳಲ್ಲಿ. ಮಿತಿಯ ಗೆರೆಯನ್ನು ಸ್ವಲ್ಪ ಮೇಲೆ ಎಳೆದರೆ ಮೊದಲು ಕೊಚ್ಚಿಹೋಗುವುದು ಇವೇ. ಗೆರೆಯನ್ನು ಇಳಿಸಿ ಅವನ್ನು ಹಿಡಿದರೂ, ಒಂದೇ ಸ್ಯಾಂಪಲನ್ನು ಮೆಲ್ಲಗೆ ನುಡಿಸಿದರೆ ಪಿಸುಪೆಟ್ಟಾಗುವುದಿಲ್ಲ. ಜೋರಾಗಿ ಕೂಗಿದ್ದನ್ನು ರೇಡಿಯೊದಲ್ಲಿ ಸಣ್ಣಗೆ ಇಟ್ಟರೆ ಅದು ಪಿಸುಮಾತಾದೀತೆ? ಹಾಗಾಗಿ ಒಳ್ಳೆಯ ಯಂತ್ರಕ್ಕೆ ಒಂದೇ ಡ್ರಮ್ಮಿನ ಮೆದು, ನಡು, ಜೋರು ಪೆಟ್ಟುಗಳನ್ನು ಬೇರೆ ಬೇರೆಯಾಗಿ ತುಂಬಬೇಕು. ಅಷ್ಟು ಮಾಡಿದರೂ ಮಿಷನ್‌ಗನ್ನಿನಂತೆ ಒಂದೇ ಸದ್ದು ಮರುಕಳಿಸುವ ಅಪಾಯ ಇದ್ದೇ ಇದೆ.

ಮೃದಂಗ ಕೇಳಿ ಬೆಳೆದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮೃದಂಗದ ಬಲಮುಖದ ನಡುವೆ ಇರುವ ಕಪ್ಪು ಕರಣೆಯಿಂದಾಗಿ ಅದರ ಮೇಲ್ನಾದಗಳು ತಂತಿವಾದ್ಯದ ಹಾಗೆ ಶ್ರುತಿಬದ್ಧವಾಗಿ ಏಳುತ್ತವೆ ಎಂದು ಸಿ.ವಿ. ರಾಮನ್ 1920ರಷ್ಟು ಹಿಂದೆಯೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಮುಂದೆ ಬೆಂಗಳೂರಿಗೆ ಬಂದ ಮೇಲೂ ಅವರು ಈ ವಿಷಯವನ್ನು ಬಿಡಲಿಲ್ಲ. ಒಂದೇ ಮುಖದ ಮೇಲೆ ಬೆರಳು ಬಿದ್ದ ಜಾಗ, ಬಿದ್ದ ಬೆರಳು, ಬಿದ್ದ ಮೇಲೆ ಎತ್ತಿದ ರೀತಿ, ಇವುಗಳಿಂದ ಬೇರೆ ಬೇರೆ ಶಬ್ದಗಳು ಹುಟ್ಟುತ್ತವೆ. ‘ಯಾವಾಗ’, ‘ಎಷ್ಟು ಜೋರು’ ಎಂಬ ಎರಡೇ ಪ್ರಶ್ನೆ ಕೇಳಬಲ್ಲ ಪೆಟ್ಟಿಗೆಗೆ ‘ಎಲ್ಲಿ’, ‘ಹೇಗೆ’ ಎಂಬುದು ತಿಳಿಯದು. ಸ್ನೇರ್ ಡ್ರಮ್ಮಿನಲ್ಲೂ ಪರ್ಡಿಯಂಥವರ ಕೈಯಲ್ಲಿ ಈ ‘ಎಲ್ಲಿ’, ‘ಹೇಗೆ’ಗಳು ಇದ್ದೇ ಇರುತ್ತವೆ.

ಆದ್ದರಿಂದ ಅನುಭವಸ್ಥ ಎಂಜಿನಿಯರುಗಳು ಹಳೆಯ ಸದ್ದನ್ನು ಪೂರ್ತಿ ಕಿತ್ತುಹಾಕದೆ, ಅದರ ಅಡಿಯಲ್ಲಿ ಹೊಸದನ್ನು ಅಷ್ಟಿಷ್ಟು ಬೆರೆಸುತ್ತಾರೆ. ಜೋರು ಪೆಟ್ಟಿಗೆ ಯಂತ್ರದ ಬಲ, ಪಿಸುಪೆಟ್ಟಿಗೆ ವಾದಕನದೇ ಕೈ. ಬೆರೆಸುವ ಮುನ್ನ ವಾದಕನಿಗೊಂದು ಮಾತು ಹೇಳುವುದು ಸಭ್ಯತೆ. ಹೆಸರು ಅವನದು, ಕೇಳುವ ಸದ್ದು ಇನ್ನೊಬ್ಬನದು ಎಂಬುದು ಅವನಿಗೆ ಕ್ಯಾಸೆಟ್ಟು ಕೇಳಿ ಗೊತ್ತಾಗಬಾರದು.

ಊಟದ ತಟ್ಟೆಯ ಮೇಲೆ, ಶಾಲೆಯ ಬೆಂಚಿನ ಮೇಲೆ ತಾಳ ಬಡಿಯುವ ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ. ‘ಓದು ಬಿಟ್ಟು ಇದೇನು?’ ಎಂದು ಗದರಿಸುವುದೂ ಸಹಜ. ಅಂಥ ಮಗುವಿಗೆ ಅಂಗಡಿಯಿಂದ ಒಂದು ಬಿಲ್ಲೆ ತಂದುಕೊಟ್ಟು, ಅದನ್ನು ತಟ್ಟೆಯ ಹಿಂಬದಿಗೆ ಅಂಟಿಸಿ, ಕಾಲೇಜಿನ ಪ್ರಯೋಗಶಾಲೆಯ ಸಿ.ಆರ್.ಓ.ಗೆ ಶಿಕ್ಷಕರ ಎದುರಿನಲ್ಲಿ ಜೋಡಿಸಿದರೆ ಪ್ರತಿ ಪೆಟ್ಟಿಗೂ ಹಸಿರು ಗೆರೆಯೊಂದು ಎದ್ದು ಕುಣಿಯುತ್ತದೆ. ಜೋರು ಪೆಟ್ಟಿಗೆ ಎತ್ತರದ ಗೆರೆ, ಮೆದು ಪೆಟ್ಟಿಗೆ ಗಿಡ್ಡ ಗೆರೆ. ಗಿಡ್ಡ ಗೆರೆಯನ್ನೂ ಕಾಣಬೇಕಾದರೆ ಗುಂಡಿಯನ್ನು ಎಷ್ಟು ತಿರುಗಿಸಬೇಕು ಎಂದು ಮಗು ತಾನೇ ಹುಡುಕಲಿ. ಅಣುಸ್ಥಾವರದಲ್ಲಿ ಕೆಲಸ ಮಾಡಿದವನೊಬ್ಬ ಡ್ರಮ್ಮಿನ ಸದ್ದಿಗಾಗಿ ಕಂಪ್ಯೂಟರು ಕಟ್ಟಿದ್ದು ಇಂಥದೇ ಹುಡುಕಾಟದಿಂದ.